ಮೊದಲು ಪೆನ್ ಡ್ರೈವ್, ಆಮೇಲೆ ಡಿಲೀಟ್

ಮಾನ್ಯರೇ,

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ನಮ್ಮ ಹೊಟ್ಟೆಪಾಡು. ಈಚೆಗೆ ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ಕೆಂಪಾಯಿತು. 256 ಜಿಬಿ ಅಂತ ಕೊಂಡದ್ದು, ವಿಂಡೋಸ್ ತೋರಿಸುವುದು 238 ಮಾತ್ರ. (ಕಂಪನಿಯದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ.)

ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. "ಅಕ್ಕಾ, ರಿಕವರಿ ಪಾರ್ಟಿಷನ್ ಸುಮ್ನೆ 18 ಜಿಬಿ ತಿಂದ್ಕೊಂಡು ಕುಂತೈತಿ, ತೆಗೆದುಬಿಡ್ತೀನಿ" ಅಂದ ಹುಡುಗ. (ಪಾರ್ಟಿಷನ್ ಅಂದರೆ ಡಿಸ್ಕಿನ ಒಂದು ಭಾಗ. ರಿಕವರಿಯದು, ಕೆಟ್ಟ ವಿಂಡೋಸನ್ನು ಸರಿಪಡಿಸಲು ಬೇಕಾದ ಫೈಲುಗಳನ್ನು ಇಟ್ಟ ಭಾಗ.) ನಾನೂ ಹೂಂ ಅಂದೆ. ಪಾರ್ಟಿಷನ್‌ಗಳನ್ನು ನೋಡಿಕೊಳ್ಳುವ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಅಳಿಸಲು ಬರಲಿಲ್ಲ. ಡಿಸ್ಕ್‌ಪಾರ್ಟ್‌ಗೆ (ಆದೇಶ ಟೈಪ್ ಮಾಡಿ ಅದೇ ಕೆಲಸ ಮಾಡಿಸುವ ಸಾಧನ) ಹೋಗಿ, ತಡೆ ಮೀರು ಎನ್ನುವ 'ಓವರ್‌ರೈಡ್' ಅಂತ ಸೇರಿಸಿ ಅಳಿಸಿದ. ಇಷ್ಟು ಬೀಗ ಯಾಕೆ ಹಾಕಿದ್ದಾರೆ ಅಂತ ಇಬ್ಬರೂ ಯೋಚಿಸಲಿಲ್ಲ.

ಅಷ್ಟು ಮಾಡಿದರೂ ಸಿ ಡ್ರೈವ್‌ಗೆ ಒಂದು ಜಿಬಿಯೂ ಸೇರಲಿಲ್ಲ! ಸಿ ದೊಡ್ಡದಾಗಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕಂತೆ. ನಡುವೆ ಇನ್ನೊಂದು ಚಿಕ್ಕ ರಿಕವರಿ ಪಾರ್ಟಿಷನ್ ಕೂತಿತ್ತು. ಪಕ್ಕದ ಸೈಟ್ ಬಿಟ್ಟು ಅದರಾಚೆಯದನ್ನು ಕೊಂಡ ಹಾಗಾಯಿತು. "ಅದನ್ನೂ ತೆಗೀಲಾ?" ಅಂದ. ಬೇಡಪ್ಪಾ ಅಂದೆ. ವಿಂಡೋಸ್ ಏಳದಿದ್ದಾಗ ರಿಪೇರಿಯ ನೀಲಿ ಪರದೆ ಬರುವುದು ಅದರಿಂದಲೇ ಅಂತ ಆಮೇಲೆ ತಿಳಿಯಿತು. ಕೊನೆಗೆ 18 ಜಿಬಿಯನ್ನು ಇ ಡ್ರೈವ್ ಮಾಡಿಕೊಟ್ಟ. ಕಾರ್ಡಿಗೆ ಹಾಕುವ ಗಣಪತಿ ಚಿತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸಿದೆ.

ಮೂರೇ ವಾರ. ವಿಂಡೋಸ್ ಕೆಟ್ಟಿತು. ಕೊಂಡಾಗ ಇದ್ದ ಸ್ಥಿತಿಗೆ ಮರಳಿಸೋಣ ಅಂದರೆ, ಕಂಪನಿ ಇಟ್ಟಿದ್ದ ಪ್ರತಿ ಇದ್ದದ್ದು ಅಳಿಸಿದ ಜಾಗದಲ್ಲೇ. ಹೊಸದಾಗಿ ವಿಂಡೋಸ್ ಹಾಕಿಸಿ, ವೈಫೈ, ಸೌಂಡ್ ಇತ್ಯಾದಿ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹುಡುಕಿಸಿ, ಎರಡು ದಿನ ಅಂಗಡಿ ಮುಚ್ಚಿದೆ. ಅದೂ ಮದುವೆ ಸೀಸನ್‌ನಲ್ಲಿ.

ಅಳಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಡಿಸ್ಕ್‌ನಲ್ಲಿ 18 ಜಿಬಿ ಜಾಸ್ತಿಯೇ, ಅಲ್ವಾ? ಆದರೆ ಮೊದಲು 32 ಜಿಬಿಯ ಒಂದು ಪೆನ್ ಡ್ರೈವ್‌ನಲ್ಲಿ ರಿಕವರಿ ಡ್ರೈವ್ (ವಿಂಡೋಸ್ ಕೆಟ್ಟಾಗ ಮತ್ತೆ ಹಾಕಿಕೊಳ್ಳಲು ಬೇಕಾದದ್ದು) ಮಾಡಬೇಕು. ಸಿಸ್ಟಮ್ ಫೈಲುಗಳೂ ಬರಲಿ ಎಂಬ ಕಡೆ ಟಿಕ್ ಇರಬೇಕು. ಪೆನ್ ಡ್ರೈವ್‌ನಲ್ಲಿದ್ದ ಹಳೆಯದೆಲ್ಲ ಹೋಗುತ್ತದೆ, ಹಾಗಾಗಿ ಖಾಲಿಯದೇ ಇರಲಿ. ಅದರಿಂದ ಲ್ಯಾಪ್‌ಟಾಪ್ ಶುರುವಾಗುತ್ತದೆಯೇ ಅಂತ ಒಮ್ಮೆ ನೋಡಿಕೊಳ್ಳಬೇಕು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಹಾಳೆಯಲ್ಲಿ ಬರೆದಿಡಬೇಕು. ಇಎಫ್ಐ ಎಂಬ ಪುಟ್ಟ ಪಾರ್ಟಿಷನ್ನನ್ನಂತೂ ಮುಟ್ಟಲೇಬಾರದು. ಅದು ಹೋದರೆ ವಿಂಡೋಸ್ ಶುರುವೇ ಆಗುವುದಿಲ್ಲ.

ರಿಪೇರಿ ಅಂಗಡಿಯವರಲ್ಲಿ ಒಂದೇ ಕೇಳಿಕೆ. ಅಳಿಸುವ ಮೊದಲು ಆ ಪೆನ್ ಡ್ರೈವ್ ಮಾಡಿ ಗಿರಾಕಿಯ ಕೈಗೆ ಕೊಡಿ. ಅದರ ದುಡ್ಡು ನಾವೇ ಕೊಡುತ್ತೇವೆ.

ಡಿಟಿಪಿ ಅಂಗಡಿಯವಳು,
ನಿಟ್ಟುವಳ್ಳಿ, ದಾವಣಗೆರೆ