ಆ್ಯಂಡ್‌ಗೆ ಮೊದಲಿನ ಕಾಮಾ

ಡೊಂಬಿವಲಿ,
ಭಾನುವಾರ

ಚಿ. ಪುಟ್ಟಿಗೆ ದೊಡ್ಡಮಾವನ ಆಶೀರ್ವಾದಗಳು.

ರೂಮು, ಊಟ, ಪುಣೆಯ ಹಿಂಜವಡಿಯ ಟ್ರಾಫಿಕ್ಕು ಎಲ್ಲ ನಿನ್ನ ಅಮ್ಮ ಹೇಳಿದ್ದಾಳೆ, ಅದನ್ನು ಬಿಡುವ. ಕಾಗದದ ಕೊನೆಗೆ ಬರೆದಿದ್ದೀಯಲ್ಲ, "ಕಾಮಾ ಹಾಕಲಿಕ್ಕೂ ಬರುವುದಿಲ್ಲ, ಇವಳು ಕನ್ನಡ ಮೀಡಿಯಮ್ಮಿನವಳು ಅಂತ ಎಲ್ಲರಿಗೂ ತಿಳಿದುಬಿಡ್ತದೆ ಮಾವ" ಅಂತ, ಆ ಸಾಲು ನಿದ್ದೆ ಕೆಡಿಸಿತು.

ಆಫೀಸಿನ ವರದಿಯ ಒಂದು ಪಟ್ಟಿಯಲ್ಲಿ ಕಡೆಯ 'ಆ್ಯಂಡ್'ಗೆ ಮೊದಲು ನೀನು ಕಾಮಾ ಬಿಟ್ಟೆ, ಮೇಲಿನವರು ಕೆಂಪು ಶಾಯಿಯಲ್ಲಿ ಹಾಕಿದರು. ಇಷ್ಟೇ ತಾನೆ? ಅದಕ್ಕೆ ಆಕ್ಸ್‌ಫರ್ಡ್ ಕಾಮಾ ಅಂತ ಹೆಸರು, ಆ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಹಾಕುತ್ತದೆ. ಬ್ರಿಟನ್ನಿನ ಪತ್ರಿಕೆಗಳು ಹೆಚ್ಚಾಗಿ ಹಾಕುವುದಿಲ್ಲ. ಅಮೆರಿಕದಲ್ಲಿ ಪುಸ್ತಕದವರು ಹಾಕಿದರೆ ಪತ್ರಿಕೆಯವರು ಸಾಮಾನ್ಯವಾಗಿ ಬಿಡುತ್ತಾರೆ. ಅವರವರಲ್ಲೇ ಒಮ್ಮತ ಇಲ್ಲದ ಕಡೆ ನಿನ್ನ ಶಾಲೆ ಯಾರಿಗೆ ಕಾಣಬೇಕು ಮಗಾ?

ಅಮೆರಿಕದ ಮೇನ್ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಎಂಬ ಪಟ್ಟಿಯ ಕೊನೆಗೆ 'ಸಾಗಣೆಗಾಗಿ ಪ್ಯಾಕ್ ಮಾಡುವುದು ಅಥವಾ ವಿತರಣೆ' ಎಂದು ಕಾನೂನು ಬರೆದು, 'ಅಥವಾ'ಕ್ಕೆ ಮೊದಲು ಕಾಮಾ ಬಿಟ್ಟಿದ್ದರು. ಓಕ್‌ಹರ್ಸ್ಟ್ ಡೈರಿಯ ಚಾಲಕರು ಕೋರ್ಟಿಗೆ ಹೋದರು: ನಾವು ಹಾಲು ವಿತರಿಸುವವರು, ಪ್ಯಾಕ್ ಮಾಡುವವರಲ್ಲ, ಇದರಲ್ಲಿ ವಿತರಣೆ ಬೇರೆ ಕೆಲಸವಾಗಿ ನಿಂತೇ ಇಲ್ಲ. 2017ರಲ್ಲಿ ಮೇಲ್ಮನವಿ ಕೋರ್ಟು ವಾಕ್ಯ ಅಸ್ಪಷ್ಟವೆಂದಿತು, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಆ ಕಾನೂನು ಬರೆದವರೇನು ಕನ್ನಡ ಶಾಲೆಗೆ ಹೋಗಿದ್ದರೇ?

ನನ್ನ ಕ್ಯಾಂಟೀನು ಕೆಲಸ, ಮುಂಬಯಿಯ ಫೋರ್ಟಿನ ರಾತ್ರಿಶಾಲೆ ನೀನು ಕೇಳಿದ ಕಥೆಯೇ. ಕೇಳದ್ದು ಒಂದುಂಟು. ಗುಮಾಸ್ತನಾದ ಮೇಲೆ ನಾನು ಲೋಕಲ್ ರೈಲಿನಲ್ಲಿ ಕನ್ನಡ ಪೇಪರನ್ನು ಇಂಗ್ಲಿಷ್ ಪೇಪರಿನೊಳಗೆ ಮಡಚಿಟ್ಟು ಓದುತ್ತಿದ್ದೆ. ಸಾಹೇಬರು ಪತ್ರ ಡ್ರಾಫ್ಟ್ ಮಾಡುವ ಕೆಲಸಕ್ಕೆ ಕರೆದರೆ ಕಣ್ಣುನೋವಿನ ನೆಪ ಹೇಳಿದೆ. ನೀನು ಯಾವುದಕ್ಕೆ ಹೆದರುತ್ತೀಯೋ ಅದಕ್ಕೇ. ಆ ಕುರ್ಚಿಗೆ ಬಂದ ಹುಡುಗ ಸ್ಪೆಲ್ಲಿಂಗಿನಲ್ಲಿ ಅನುಮಾನ ಬಂದಾಗಲೆಲ್ಲ ನನ್ನ ಮೇಜಿಗೇ ಬರುತ್ತಿದ್ದ. ನಾನು ನಿವೃತ್ತಿಯವರೆಗೂ ಟಪಾಲು ರವಾನೆಯಲ್ಲೇ ಉಳಿದೆ. ಈಗಲೂ ಕೆಲವು ಸಲ ಹೊಟ್ಟೆ ಉರಿಯುತ್ತದೆ. ಅತ್ತೆಗೂ ಹೇಳಿಲ್ಲ ಇದನ್ನು.

ನಿನಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು, ಆದರೂ. ಎರಡೇ ವಸ್ತುವಾದರೆ 'ಆ್ಯಂಡ್' ಸಾಕು, ಕಾಮಾ ಬೇಡ. ಮೂರಾದರೆ ಅರ್ಥ ಕಲಸಿಹೋಗುತ್ತದೋ ಅಂತ ಒಮ್ಮೆ ಓದಿಕೋ. 'ಮೈ ಅಂಕಲ್ಸ್, ದಿ ಮ್ಯಾನೇಜರ್ ಆ್ಯಂಡ್ ದಿ ವಾಚ್‌ಮನ್' ಎಂದು ನೀನು ಬರೆದರೆ ಅವರಿಬ್ಬರೂ ನಿನ್ನ ಮಾವಂದಿರಾಗಿ, ನನ್ನ ತಮ್ಮಂದಿರಾಗಿಬಿಡುತ್ತಾರೆ! ಹಾಕಿದರೆ ವರದಿಯುದ್ದಕ್ಕೂ ಹಾಕು, ಬಿಟ್ಟರೆ ಅರ್ಥ ಕೆಡುವಲ್ಲಿ ಮಾತ್ರ ಹಾಕು.

ತಿಳಿದರೆ ತಿಳಿಯಲಿ ಬಿಡು ಅಂತ ಬರೆಯಲು ಹೊರಟು ಹೊಡೆದುಹಾಕಿದೆ. ನಾನು ಇಲ್ಲಿ ಬಾಲ್ಕನಿಯಲ್ಲಿ ಕೂತಿದ್ದೇನೆ, ಮೀಟಿಂಗಿನಲ್ಲಿ ಕೂರುವವಳು ನೀನು. ಆ ಹೆದರಿಕೆ ಹೀಗೆ ಒಂದು ಕಾಗದದಿಂದ ಹೋಗುವುದಾದರೆ ನನ್ನದು ಯಾವಾಗಲೋ ಹೋಗಬೇಕಿತ್ತು.

ಹಾಂ, ಮರೆತೆ. 'ಪುಣೆ, ಮಹಾರಾಷ್ಟ್ರ' ಎಂಬಂತೆ ಊರು, ರಾಜ್ಯ ಜೋಡಿಯಾಗಿ ಬರುವ ಪಟ್ಟಿಯಲ್ಲಿ ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ಸೆಮಿಕೋಲನ್ ಹಾಕುತ್ತಾರೆ. ನಾಳೆ ಆ ಮೇಲಿನವರನ್ನೇ ಕೇಳು, ನಮ್ಮಲ್ಲಿ 'ಆ್ಯಂಡ್'ಗೆ ಮೊದಲು ಕಾಮಾ ಹಾಕುವ ಪದ್ಧತಿಯೋ ಬಿಡುವ ಪದ್ಧತಿಯೋ, ಎಲ್ಲಾದರೂ ಬರೆದಿಟ್ಟದ್ದುಂಟೋ ಅಂತ. ಏನಂದರು ತಿಳಿಸು. ಫೋನಿನಲ್ಲಿ ಬೇಡ, ಅತ್ತೆ ಸ್ಪೀಕರಿಗೆ ಹಾಕುತ್ತಾಳೆ.

ನಿನ್ನ
ದೊಡ್ಡಮಾವ