ಪೇಟೆಂಟ್ ವಿಸ್ತರಣೆ ನಮಗೆ ಬೇಡ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವನು ನಾನು. ಔಷಧಗಳ ಪೇಟೆಂಟ್, ಅಂದರೆ ಕಂಡುಹಿಡಿದ ಕಂಪನಿಗೆ ಮಾತ್ರ ಇರುವ ಮಾರಾಟದ ಹಕ್ಕು, ಅದರ ಅವಧಿ ವಿಸ್ತರಿಸಿ ಅಂತ ಯುರೋಪಿನವರು ಭಾರತದ ಜೊತೆ 2007ರಲ್ಲಿ ಶುರುವಾದ ವ್ಯಾಪಾರ ಮಾತುಕತೆಯಲ್ಲೇ ಪಟ್ಟು ಹಿಡಿದಿದ್ದರು. ಈ ವಿಸ್ತರಣೆ ಅಂದರೆ ಏನು ಅಂತ ನಮ್ಮ ಕೌಂಟರ್‌ನಲ್ಲಿ ನಿಂತರೆ ಬೇಗ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಮಾತ್ರೆಯನ್ನೇ ನೋಡಿ. ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. ಎಷ್ಟೋ ಜನ ಚೀಟಿ ಕೊಟ್ಟು, ರೇಟ್ ಕೇಳಿ, ‘ಸದ್ಯಕ್ಕೆ ಐದು ಕೊಡಿ ಸಾಕು’ ಅನ್ನುತ್ತಿದ್ದರು. ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸುತ್ತಿದ್ದೆ. 2025ರ ಮಾರ್ಚ್‌ನಲ್ಲಿ ಪೇಟೆಂಟ್‌ನ 20 ವರ್ಷ ಮುಗಿಯಿತು. ಬೇರೆ ಕಂಪನಿಗಳ ಮಾತ್ರೆ ಬಂದವು, 10 ಎಂಜಿಯದ್ದು ಆರು ರೂಪಾಯಿಗೂ ಕಡಿಮೆಗೆ ಸಿಗತೊಡಗಿತು. ಈಗ ಅದೇ ಜನ ಪೂರ್ತಿ ಸ್ಟ್ರಿಪ್ ಒಯ್ಯುತ್ತಾರೆ.

ಅಮೆರಿಕದಲ್ಲಿ ಇದೇ ಔಷಧದ ಪೇಟೆಂಟ್ 2028ರ ಆಗಸ್ಟ್‌ವರೆಗೆ ನಡೆಯುತ್ತದೆ. ಅಲ್ಲಿನ 1984ರ ಕಾನೂನಿನ ಪ್ರಕಾರ, ಪರೀಕ್ಷೆ ಮತ್ತು ಅನುಮತಿಗೆ ಹೋದ ಕಾಲಕ್ಕೆ ಪರಿಹಾರವಾಗಿ ಐದು ವರ್ಷದವರೆಗೆ ಸೇರಿಸಬಹುದು. ಆದರೆ ಅನುಮತಿ ಸಿಕ್ಕ ದಿನದಿಂದ ಒಟ್ಟು 14 ವರ್ಷ ಮೀರುವಂತಿಲ್ಲ. ಈ ಮಾತ್ರೆಗೆ ಅನುಮತಿ ಸಿಕ್ಕಿದ್ದು 2014ರ ಆಗಸ್ಟ್‌ನಲ್ಲಿ, ಲೆಕ್ಕ ಹಾಕಿಕೊಳ್ಳಿ. ಷರತ್ತುಗಳು ಬಿಗಿಯಾಗಿಯೇ ಇವೆ ಅನ್ನಿ: ಒಂದು ಔಷಧಕ್ಕೆ ಒಂದೇ ಪೇಟೆಂಟ್ ವಿಸ್ತರಣೆ, ಅದೂ ಆ ಔಷಧಕ್ಕೆ ಮೊದಲ ಸಲ ಅನುಮತಿ ಸಿಕ್ಕಾಗ ಮಾತ್ರ. ಅನುಮತಿ ಸಿಕ್ಕ 60 ದಿನದೊಳಗೆ ಅರ್ಜಿ ಹಾಕಬೇಕು.

ಪರೀಕ್ಷೆಗೆ ವರ್ಷಗಟ್ಟಲೆ ಹೋಗುತ್ತದೆ ಅನ್ನುವ ಕಂಪನಿಗಳ ಮಾತು ಸುಳ್ಳಲ್ಲ. ಆದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಇಲ್ಲಿ ಇನ್ಶೂರೆನ್ಸ್ ಕಾರ್ಡ್ ಹಿಡಿದು ಮಾತ್ರೆ ಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಎಲ್ಲಾ ಜೇಬಿನ ದುಡ್ಡೇ.

ನಮ್ಮ ಪೇಟೆಂಟ್ ಕಾನೂನಿನಲ್ಲಿ ಅವಧಿ ವಿಸ್ತರಣೆಯೇ ಇಲ್ಲ. ಹಳೆಯ ಔಷಧದ ಲವಣವನ್ನೋ ಹರಳಿನ ರೂಪವನ್ನೋ ಬದಲಿಸಿ ಹೊಸ ಪೇಟೆಂಟ್ ಕೇಳಿದರೆ, ಔಷಧ ಕೆಲಸ ಮಾಡುವ ಶಕ್ತಿ ಹೆಚ್ಚಾಗಿದೆ ಅಂತ ತೋರಿಸಬೇಕು ಎನ್ನುತ್ತದೆ ಅದರ ಸೆಕ್ಷನ್ 3(ಡಿ). ರಕ್ತದ ಕ್ಯಾನ್ಸರ್‌ನ ಗ್ಲಿವೆಕ್ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಮುಂಬಾಗಿಲು ಹಾಕಿಟ್ಟರೂ ಹಿತ್ತಿಲ ಬಾಗಿಲಿಗೆ ಕಾವಲು ಬೇಕಲ್ವಾ, ಅದು ಈ ಸೆಕ್ಷನ್.

ಮುಂದೆ ಯಾವ ದೇಶದ ಜೊತೆ ಒಪ್ಪಂದವಾದರೂ, ಸಹಿ ಹಾಕುವ ಮೊದಲು ಪೇಟೆಂಟ್ ಅಧ್ಯಾಯದ ಕರಡನ್ನು ಕೇಂದ್ರ ಸರ್ಕಾರ ಜನರ ಮುಂದಿಡಲಿ. ನಮ್ಮ ಸಂಸದರು ಅದನ್ನು ಸದನದಲ್ಲಿ ಕೇಳಲಿ.

— ಔಷಧ ವ್ಯಾಪಾರಿ, ದಾವಣಗೆರೆ