ಮಗಳಿಗೊಂದು ಪತ್ರ: ಆ ಫೈಲುಗಳು ಕೆಟ್ಟಿರಲಿಲ್ಲ

ಪುಟ್ಟಿ,

ನಾನು ಕಟ್ಟಿಟ್ಟ ಎಳ್ಳುಬೆಲ್ಲವನ್ನೂ ಬಿಟ್ಟು ನೀನು ಬೆಂಗಳೂರಿನ ರೈಲು ಹತ್ತಿದೆ. ಫೋನಿನಲ್ಲಾದರೆ ಮತ್ತೆ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೂಗಾಡಿದ್ದು ನನ್ನ ತಪ್ಪು. ಆದರೆ "ಫೈಲ್ ಕರಪ್ಟ್ ಆಗಿದೆ, ಡಿಲೀಟ್ ಮಾಡ್ತೀನಿ" ಅಂದೆಯಲ್ಲ, ಆಗ ಎದೆ ಝಲ್ಲೆಂದಿತು.

ಕೆಟ್ಟಿರಲಿಲ್ಲ ಕಣೇ. ನನ್ನ ಕಂಪ್ಯೂಟರಿನ ಸಿ ಡ್ರೈವ್ ಅಳಿಸಿ ನೀನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದಾಗ, ಕನ್ನಡ ಟೈಪಿಂಗಿನ ಹಳೇ ನುಡಿ ಫಾಂಟುಗಳು ಹೋದವು, ಅಷ್ಟೇ. ಡಿ ಡ್ರೈವಿನಲ್ಲಿರುವ ಮಾನಸಗಂಗೋತ್ರಿಯ ಹಳೇ ಥೀಸಿಸ್‌ಗಳ ಒಳಗೆ ಕನ್ನಡವೇ ಇಲ್ಲ, ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅವಕ್ಕೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಫಾಂಟು. ಅದಿಲ್ಲದಿದ್ದರೆ ಗೀಚಿದ ಹಾಗೆ ಕಾಣುತ್ತದೆ. "ಸರ್ಚ್ ಕೊಟ್ರೆ ಸಿಗುತ್ತೆ ಬಿಡಮ್ಮ" ಅನ್ನುತ್ತೀಯ. ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ 'ಮೈಸೂರು' ಎಂದು ಹುಡುಕು, ಆ ಫೈಲುಗಳಲ್ಲಿ ಒಂದೂ ಸಿಗುವುದಿಲ್ಲ. ನೀವು ಹುಡುಕಿ ತೆಗೆಯುವವರು, ನಾವು ಇಟ್ಟ ಜಾಗ ನೆನಪಿಡುವವರು. ಫೋನಿನಲ್ಲೇ ಕಲಿತ ನಿಮಗೆ ಫೋಲ್ಡರ್ ಕಣ್ಣಿಗೇ ಬಿದ್ದಿಲ್ಲ, ಅದು ನಿಮ್ಮ ತಪ್ಪಲ್ಲ.

ಪೆನ್‌ಡ್ರೈವಿನಲ್ಲಿದ್ದ ಫಾಂಟಿನ ಮೇಲೆ ನಾನೇ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟೆ. ಅಕ್ಷರ ಮರಳಿ ಬಂತು. ಇನ್ನು ಯೂನಿಕೋಡಿಗೆ ತಿರುಗಿಸಬೇಕು, ಅರ್ಕಾವತ್ತಿನಲ್ಲಿ ಎಡವಟ್ಟಾಗುವುದು ಅಲ್ಲೇ. 'ಕಾರ್ಯ'ದ ಅರ್ಕಾವತ್ತು ಹಳೇ ಫಾಂಟಿನಲ್ಲಿ ಕಂಡ ಕ್ರಮದಲ್ಲೇ, 'ಯ' ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪುಟಪುಟವೂ ಕಣ್ಣಿಟ್ಟು ನೋಡಬೇಕು. ಮೂಲ ಫೈಲನ್ನು ಮಾತ್ರ ಅಳಿಸಬಾರದು.

ಅಳಿಸಬಾರದು ಅಂತ ಎಷ್ಟು ಸಲ ಹೇಳಲಿ! ಯಾರ ಕಂಪ್ಯೂಟರ್ ಮುಟ್ಟಿದರೂ ಮೊದಲು ಕೇಳು: ಡೆಸ್ಕ್‌ಟಾಪಿನಲ್ಲಿ ಏನಿದೆ, ಡೌನ್‌ಲೋಡ್ಸ್‌ನಲ್ಲಿ ಏನಿದೆ? ಅವೆರಡೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುವುದು. ಫಾಂಟ್ಸ್ ಫೋಲ್ಡರನ್ನೂ ಬೇರೆ ಕಡೆ ಕಾಪಿ ಮಾಡು. ಕಾಪಿಯಾದ ಮೇಲೆ ತೆರೆದು ನೋಡು, ಹೆಸರು ಕಂಡ ಮಾತ್ರಕ್ಕೆ ನಂಬಬೇಡ. ನೋಡು, ಮತ್ತೆ ಪಾಠ ಶುರುಮಾಡಿಬಿಟ್ಟೆ.

ನೀನು ಹೇಳಿದ್ದರಲ್ಲೂ ಸತ್ಯವಿತ್ತು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, ಈ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ವಿಂಡೋಸ್ 11ಕ್ಕೆ ಅದು ಬೇಕೇಬೇಕು. ಎಸೆಯುವ ಬದಲು ನೀನು ಬದುಕಿಸಿದೆ. ಯಾರೂ ಹೇಳಿಕೊಡದೆ ಅರ್ಧ ಗಂಟೆಯಲ್ಲಿ ಪ್ರಿಂಟರನ್ನೂ ಹೊಂದಿಸಿದೆ. ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಲಿಲ್ಲ.

ಇನ್‌ಪುಟ್ ಮೆಥಡ್ ಪಟ್ಟಿಯಲ್ಲಿ ಕೆಜಿಪಿ ಅಂತ ಕನ್ನಡ ಕೀಲಿಮಣೆ ಇರುತ್ತದೆ, ನಿನ್ನ ಲ್ಯಾಪ್‌ಟಾಪಿಗೂ ಹಾಕಿಕೋ. ಎ, ಎಂ, ಎಫ್, ಎಂ ಒತ್ತು: 'ಅಮ್ಮ' ಬರುತ್ತದೆ. ಎಫ್ ಒತ್ತಕ್ಷರದ ಕೀಲಿ. ಯುಗಾದಿಗೆ ಬಂದಾಗ ಅರ್ಕಾವತ್ತು ತಿದ್ದಲು ಜೊತೆಗೆ ಕೂರು.

ಅಮ್ಮ
ಸರಸ್ವತಿಪುರಂ, ಮೈಸೂರು